ಒಂದನೇ ಆವೃತ್ತಿಯ ರೊಟ್ಟಿ

ಫೋನಿನ ಒಂದನೇ ಆವೃತ್ತಿ ಬಂದ ವರ್ಷ ನಮ್ಮೂರು ಒಂದೂವರೆ ತಿಂಗಳು ಕರಕಲು ರೊಟ್ಟಿ ತಿಂದಿತು. ಇದನ್ನು ಈಗಿನ ಹುಡುಗಿಯರಿಗೆ ಹೇಳಿದರೆ ನಗುತ್ತಾರೆ. ನಗಲಿ. ಅವರ ಫೋನಿನಲ್ಲಿ ಈಗ ಎಷ್ಟನೇ ಆವೃತ್ತಿ ಕೂತಿದೆ ಅಂತ ಕೇಳಿದರೆ ಅವರಿಗೇ ಗೊತ್ತಿರುವುದಿಲ್ಲ, ಅದು ಹೇಳದೆ ಕೇಳದೆ ಬಂದು ಸೇರಿಕೊಂಡಿರುತ್ತದೆ. ನಮಗೆ ಹಾಗಲ್ಲ. ಒಂದನೆಯದು ಬಂದದ್ದೂ ಗೊತ್ತು, ಹೋದದ್ದೂ ಗೊತ್ತು. ಹೋಗುವಾಗ ಊರಿನಿಂದ ಏನನ್ನು ಹೊತ್ತುಕೊಂಡು ಹೋಯಿತು ಅನ್ನುವುದು ನನ್ನಷ್ಟು ಚೆನ್ನಾಗಿ ಬಹುಶಃ ಇನ್ಯಾರಿಗೂ ಗೊತ್ತಿಲ್ಲ.

ನಮ್ಮೂರು ಯಾವ ನಕ್ಷೆಯಲ್ಲೂ ಇಲ್ಲ. ಬಸ್ಸಿನ ಟಿಕೀಟಿನ ಮೇಲೂ ಊರಿನ ಹೆಸರಿರುವುದಿಲ್ಲ, 'ಕೊನೆಯ ನಿಲ್ದಾಣ' ಅಂತ ಮಾತ್ರ ಇರುತ್ತದೆ. ಫೋನುಗಳು ಬಂದದ್ದೂ ಅದೇ ಬಸ್ಸಿನ ನೆತ್ತಿಯ ಮೇಲೆ, ಬದನೆಕಾಯಿ ಬುಟ್ಟಿಗಳ ಪಕ್ಕದಲ್ಲಿ. ಪುರಸಭೆಯವರು ಬಾಗಿಲಿಗೊಂದರಂತೆ ಹಂಚಿದರು. ಜನ ಎಷ್ಟಿದ್ದಾರೆ ಅಂತ ನೋಡಲಿಲ್ಲ, ಬಾಗಿಲು ಎಷ್ಟಿವೆ ಅಂತ ನೋಡಿದರು. ಹಾಗಾಗಿ ನಾವು ಒಂದೇ ಮನೆಯವರಾಗಿದ್ದರೂ ನಮಗೆ ಎರಡು ಫೋನು ಬಂದವು. ಯಾಕೆಂದರೆ ಅಷ್ಟರಲ್ಲಿ ನಮ್ಮ ಮನೆ ಒಡೆದು ಎರಡು ಬಾಗಿಲಾಗಿತ್ತು. ಆ ಸುದ್ದಿಗೆ ಆಮೇಲೆ ಬರುತ್ತೇನೆ.

ಆ ಫೋನು ನೋಡಲು ಕಪ್ಪಗೆ, ಅಂಗೈಯಗಲ, ಸೋಪಿನ ಹಾಗೆ ನುಣುಪು. ಕೆಳಗೆ ಒಂದೇ ಒಂದು ಗುಂಡಿ. ಅದನ್ನೊತ್ತಿದರೆ ಗಾಜು ಬೆಳಗಿ 'ತೆರೆಯಲು ಸರಿಸಿ' ಅಂತ ಅಕ್ಷರ ಮೂಡುತ್ತಿತ್ತು. ಬಾಣದ ಗುರುತಿನ ಮೇಲೆ ಬೆರಳಿಟ್ಟು ಎಡದಿಂದ ಬಲಕ್ಕೆ ಸರಿಸಿದರೆ ಕಟಕ್ ಅಂತ ಚಿಲಕ ಜಾರಿದ ಸದ್ದು. ನನ್ನತ್ತೆ ಆ ಸದ್ದು ಕೇಳುವುದಕ್ಕೆಂದೇ ದಿನಕ್ಕೆ ಇಪ್ಪತ್ತು ಸಲ ತೆರೆಯುತ್ತಿದ್ದರು. ಒಳಗೆ ಹದಿನಾರು ಚಿತ್ರಗಳು. ಬರೆದಿಡಲು ಗೆರೆ ಎಳೆದ ಹಳದಿ ಹಾಳೆ ಇತ್ತು. ಹವೆ ತೋರಿಸುವ ಚಿತ್ರದಲ್ಲಿ ಸದಾ ಸೂರ್ಯ, ಸದಾ ಇಪ್ಪತ್ಮೂರು ಡಿಗ್ರಿ. ಹೊರಗೆ ಮೋಡ ಕವಿದು ಗುಡುಗುತ್ತಿದ್ದರೂ ಅದರ ಸೂರ್ಯ ಅಲ್ಲಾಡುತ್ತಿರಲಿಲ್ಲ. ಅದನ್ನು ನಂಬಿ ನಮ್ಮತ್ತೆ ಎರಡು ಸಲ ಹಪ್ಪಳ ಹರವಿ ಎರಡು ಸಲವೂ ಅಂಬಲಿ ಮಾಡಿಕೊಂಡರು. ಇನ್ನು ಒಂದು ಕಡೆ ಬರೆದದ್ದನ್ನು ಎತ್ತಿ ಇನ್ನೊಂದು ಕಡೆ ಇಡುವ ಉಪಾಯವೇ ಅದರಲ್ಲಿರಲಿಲ್ಲ. ಸೋನಾಬಾಯಿ ಟೀಚರು ಮಗಳ ಮದುವೆಗೆ ನೂರಾ ಹತ್ತು ಮನೆಗೆ ನೂರಾ ಹತ್ತು ಸಲ ಟೈಪು ಮಾಡಿ ಕರೆದರು. ಬೆರಳು ಊದಿಕೊಂಡವು, ಆದರೆ ಪ್ರತಿ ಮನೆಗೂ ಬೇರೆ ಬೇರೆ ಕರೆಯೋಲೆ ಹೋಯಿತು. ನಮ್ಮ ಮನೆಯದರಲ್ಲಿ 'ನಿನ್ನ ಹಸಿಮೆಣಸಿನ ಚಟ್ನಿ ತರುವುದು' ಅಂತ ಕೊನೆಗೊಂದು ಸಾಲಿತ್ತು.

ಎಲ್ಲಕ್ಕಿಂತ ದೊಡ್ಡದು ಅದರ ಮುಖ್ಯ ನಿಯಮ: ಒಂದು ಸಲಕ್ಕೆ ಒಂದೇ. ಪತ್ರ ತೆರೆದರೆ ಹಾಡು ನಿಲ್ಲುತ್ತಿತ್ತು, ಗಡಿಯಾರ ತೆರೆದರೆ ಪತ್ರ ಮುಚ್ಚುತ್ತಿತ್ತು. ಫೋನು ಬಂದು ಎರಡು ವಾರಕ್ಕೆ ಊರಿನವರೂ ಹಾಗೆಯೇ ಆದರು. ಯಾಕೆ ಅಂತ ಯಾರೂ ಕೇಳಲಿಲ್ಲ. ಊರೆಂದ ಮೇಲೆ ಒಂದಲ್ಲ ಒಂದು ಇದ್ದದ್ದೇ. ಮೊದಲು ಗೊತ್ತಾದದ್ದು ಮೋನಪ್ಪನ ಕ್ಷೌರದಂಗಡಿಯಲ್ಲಿ. ಮೋನಪ್ಪ ಬಾಯಿ ತೆರೆದರೆ ಕತ್ತರಿ ನಿಲ್ಲುತ್ತಿತ್ತು. ಅವನಿಗೆ ಬಾಯಿ ಮುಚ್ಚುವ ಅಭ್ಯಾಸವಿರಲಿಲ್ಲವಾದ್ದರಿಂದ ಊರಿನ ಅರ್ಧ ಗಂಡಸರು ಅರ್ಧ ಮೀಸೆಯಲ್ಲಿ ತಿರುಗಿದರು. ಸೈಕಲ್ಲಿನವರು ತುಳಿದರೆ ಗಂಟೆ ಬಾರಿಸಲಾರರು, ಗಂಟೆ ಬಾರಿಸಿದರೆ ತುಳಿಯಲಾರರು. ತಾಯಂದಿರು ತೊಟ್ಟಿಲು ತೂಗಿದರೆ ಜೋಗುಳ ನಿಲ್ಲುತ್ತಿತ್ತು. ಉಸಿರಾಟ ಮಾತ್ರ ಲೆಕ್ಕಕ್ಕೆ ಬರುತ್ತಿರಲಿಲ್ಲ, ಪುಣ್ಯ.

ಜನ ಎಷ್ಟು ದಿನ ಅಂತ ಪೇಚಾಡುತ್ತಾರೆ? ಹೊಂದಿಕೊಂಡರು. ಮೋನಪ್ಪ ನಿವೃತ್ತ ಅಂಚೆಯಣ್ಣ ಗೌಸ್‌ಸಾಬರನ್ನು ಅಂಗಡಿಯ ಸ್ಟೂಲಿನ ಮೇಲೆ ಕೂರಿಸಿಕೊಂಡ. ಇವನದು ಕತ್ತರಿ, ಅವರದು ಮಾತು. ತೊಟ್ಟಿಲು ತೂಗಲು ಗಂಡಂದಿರು ಬಂದು ಕೂತರು, ಹೆಂಡತಿಯ ಹಾಡನ್ನು ಅವರು ಮೊದಲ ಸಲ ಕೇಳಿದ್ದು ಆಗಲೇ. ಸಾವಿನ ಮನೆಯಲ್ಲಿ ಅಳುವವರು ಅಳುವುದನ್ನು ಮಾತ್ರ ಮಾಡಿದರು, ಉಳಿದದ್ದನ್ನೆಲ್ಲ ಓಣಿಯವರು ನೋಡಿಕೊಂಡರು. ಮಾತಿನ ವಿಷಯದಲ್ಲಂತೂ ನಾನು ಈಗಲೂ ಹೊಟ್ಟೆ ಉರಿದುಕೊಳ್ಳುತ್ತೇನೆ. ಆ ಕಾಲದಲ್ಲಿ ನೀವು ಯಾರಿಗಾದರೂ ಏನಾದರೂ ಹೇಳಿದರೆ ಅವರು ಕೇಳುತ್ತಿದ್ದರು. ಕೈಯಲ್ಲಿದ್ದುದನ್ನು ಕೆಳಗಿಟ್ಟು, ಮುಖ ನೋಡಿ, ಮುಗಿಯುವವರೆಗೆ ಕೇಳುತ್ತಿದ್ದರು. ಬೇರೆ ದಾರಿಯೇ ಇರಲಿಲ್ಲ.

ಈಗ ನಮ್ಮ ಮನೆ. ನಾನು ಕಸ್ತೂರೆವ್ವ, ಆ ಮನೆಯ ಕಿರಿ ಸೊಸೆ. ಹಿರಿ ಸೊಸೆ ಬಸಲಿಂಗವ್ವ, ನನ್ನ ವಾರಗಿತ್ತಿ. ನಾನು ಅವಳನ್ನು ಅಕ್ಕ ಅಂತಲೇ ಕರೆಯುವುದು. ಫೋನು ಬರುವುದಕ್ಕೆ ನಾಲ್ಕು ವರ್ಷ ಮೊದಲು ಒಂದು ದಿನ ಅವಳು ತಾಮ್ರದ ಹಂಡೆ ತನಗೆ ಬೇಕು ಅಂದಳು. ನಾನು ಯಾಕೆ ಅಂದೆ. ಅಷ್ಟಕ್ಕೇ ಅವಳು ಮೂರು ದಿನ ಉಣ್ಣಲಿಲ್ಲ. ಆಮೇಲೆ ಬೇರೆ ಒಲೆ ಹೂಡುತ್ತೇನೆ ಅಂತ ಕೂತುಬಿಟ್ಟಳು. ಅಣ್ಣತಮ್ಮಂದಿರು ತಲೆ ಕೆರೆದುಕೊಂಡು ಉದ್ದನೆಯ ಅಡುಗೆಮನೆಯ ನಡುವೆ ಜಂತಿಯವರೆಗೆ ಗೋಡೆ ಎಬ್ಬಿಸಿದರು. ಬೀದಿಗೆ ಇನ್ನೊಂದು ಬಾಗಿಲು ಬಂತು. ಅತ್ತೆ ನನ್ನ ಪಾಲಿಗೆ, ಹಂಡೆ ಅವಳ ಪಾಲಿಗೆ. ನಾಲ್ಕು ವರ್ಷ ನಾವಿಬ್ಬರೂ ಒಂದೇ ಗೋಡೆಗೆ ಬೆನ್ನು ಕೊಟ್ಟು ಅಡುಗೆ ಮಾಡಿದೆವು, ಒಂದು ಮಾತಿಲ್ಲ. ಒಂದು ಹಂಡೆಗೆ ಇಷ್ಟು ಹಟವೇ ಅಂತ ನಾನು ಓಣಿಯಲ್ಲೆಲ್ಲ ಅವಳನ್ನು ಆಡಿಕೊಂಡೆ. ಅದನ್ನು ಈಗ ಹೇಳಲು ನಾಚಿಕೆಯಾಗುತ್ತದೆ.

ಜೋಳದ ರೊಟ್ಟಿ ಗೊತ್ತಿದ್ದವರಿಗೆ ನಮ್ಮ ಕಷ್ಟ ಗೊತ್ತಾಗುತ್ತದೆ. ಒಂದು ರೊಟ್ಟಿ ಹಂಚಿನ ಮೇಲೆ ಬೇಯುತ್ತಿರುವಾಗ ಇನ್ನೊಂದನ್ನು ಬಡಿಯಬೇಕು. ನಡುನಡುವೆ ಹಂಚಿನ ಮೇಲಿನದಕ್ಕೆ ನೀರು ಸವರಬೇಕು, ಮಗುಚಬೇಕು, ಬೂದಿಯ ಕೆಂಡಕ್ಕೆ ಒರಗಿಸಿ ಉಬ್ಬಿಸಬೇಕು. ಒಂದನೇ ಆವೃತ್ತಿಯಲ್ಲಿ ಅದು ಹೇಗೆ ಸಾಧ್ಯ? ನಾನು ಬಡಿಯುತ್ತ ಕೂತರೆ ಬೇಯುವುದು ಕರಿಯಾಗುತ್ತಿತ್ತು, ಬೇಯಿಸುತ್ತ ಕೂತರೆ ನಾದಿದ ಹಿಟ್ಟು ಬಿರುಕು ಬಿಡುತ್ತಿತ್ತು. ಒಂದೊಂದೇ ರೊಟ್ಟಿ ಮುಗಿಸಿ ಮುಂದಿನದಕ್ಕೆ ಹೋದರೆ ಗಂಡಸರ ಊಟಕ್ಕೆ ಸಂಜೆಯಾಗುತ್ತಿತ್ತು. ಗೋಡೆಯ ಆಚೆಯಿಂದಲೂ ಅದೇ ಸುಟ್ಟ ವಾಸನೆ ಬರುತ್ತಿತ್ತು. ನಿಜ ಹೇಳುತ್ತೇನೆ, ಮೊದಮೊದಲು ಆ ವಾಸನೆ ನನಗೆ ಖುಷಿ ಕೊಟ್ಟಿತು.

ಆರು ವಾರದ ಮೇಲೆ ಒಂದು ಬೆಳಿಗ್ಗೆ ಆಚೆಯಿಂದ ಗೋಡೆ ಕುಟ್ಟುವ ಸದ್ದು ಬಂತು. ನನ್ನ ಒಲೆಯ ಪಕ್ಕದಲ್ಲೇ, ನೆಲದಿಂದ ಗೇಣೆತ್ತರದಲ್ಲಿ ಒಂದು ಇಟ್ಟಿಗೆ ಅಲ್ಲಾಡಿ ಒಳಕ್ಕೆ ಹೋಯಿತು. ಆಮೇಲೆ ಇನ್ನೊಂದು. ಹೀಗೆ ನಾಲ್ಕು. ಧೂಳು ಇಳಿದ ಮೇಲೆ ಆ ಕಿಂಡಿಯಲ್ಲಿ ಒಂದು ಕೈ ಬಂತು, ಹಸಿರು ಬಳೆ, ಹೆಬ್ಬೆರಳಿನ ಬುಡದಲ್ಲಿ ಹಳೆಯ ಸುಟ್ಟ ಕಲೆ. ಅಂಗೈ ಮೇಲಕ್ಕೆ ತೆರೆದಿತ್ತು. ನಾನು ಸ್ವಲ್ಪ ಹೊತ್ತು ಆ ಕೈಯನ್ನು ನೋಡಿದೆ. ಆಮೇಲೆ ಆಗಷ್ಟೇ ಬಡಿದಿದ್ದ ಹಸಿ ರೊಟ್ಟಿಯನ್ನು ಎತ್ತಿ ಅದರ ಮೇಲಿಟ್ಟೆ. ಕೈ ಒಳಕ್ಕೆ ಹೋಯಿತು, ಹಂಚು ಚುಂಯ್ ಅಂದಿತು.

ಹೀಗೆ ಶುರುವಾಯಿತು. ನಾನು ಬಡಿಯುವುದು, ಅವಳು ಬೇಯಿಸುವುದು, ಕೊನೆಗೆ ಬೆಂದ ರೊಟ್ಟಿಗಳಲ್ಲಿ ಅರ್ಧ ಪಾಲು ಕಿಂಡಿಯಲ್ಲಿ ವಾಪಸು ಬರುವುದು. ಮಾತಾಡದಿರಲು ನಮಗೆ ಒಳ್ಳೆಯ ನೆವವೇ ಇತ್ತು. ಮಾತಾಡಿದರೆ ಕೈ ನಿಲ್ಲುತ್ತದಲ್ಲ! ಆದರೆ ರೊಟ್ಟಿ ಮುಗಿದ ಮೇಲೆ ಕೆಂಡ ಆರುವವರೆಗೆ ಇಬ್ಬರೂ ಕೂತಿರಲೇಬೇಕಾಗಿತ್ತು. ಆಗ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಎರಡು ತಿಂಗಳಾದ ಮೇಲೆ ಅಂಥ ಒಂದು ಹೊತ್ತಿನಲ್ಲಿ ಅಕ್ಕನ ದನಿ ಬಂತು.

"ಕಸ್ತೂರಿ, ಈಗ ಏನರ ಮಾಡಾಕತ್ತೀಯೇನು?"

ನಾಲ್ಕು ವರ್ಷದಲ್ಲಿ ಮೊದಲ ಮಾತು. ಇಲ್ಲಕ್ಕ, ಸುಮ್ಮನೆ ಕೂತಿದ್ದೇನೆ ಅಂದೆ.

"ಹಂಗಾದ್ರ ಕೇಳು. ಜಗಳ ಹಂಡೆದಲ್ಲ. ಅದರ ಹಿಂದಿನ ದಿನ ನಾ ನಿನ್ನ ಮುಂದ ಬಂದು ಕುಂತು ಹೇಳಿದ್ನಿ, ನಮ್ಮಣ್ಣ ಯಾರಿಗೂ ಹೇಳದ ಮನಿ ಮಾರಿ ಹ್ವಾದ, ನನಗಿನ್ನ ತವರು ಅನ್ನೂದಿಲ್ಲ ಅಂತ. ನೀ ರೊಟ್ಟಿ ಬಡೀತಿದ್ದಿ. ಹೂಂ ಅಂದಿ. ಹೂಂ ಅಕ್ಕ, ಹಿಟ್ಟಿನ ಡಬ್ಬಿ ಇತ್ತ ಸರಸು ಅಂದಿ. ನಾ ಸರಸಿದ್ನಿ."

ನನಗೆ ಏನೂ ನೆನಪಿರಲಿಲ್ಲ. ಅದೇ ನನ್ನನ್ನು ಹೆಚ್ಚು ಸುಟ್ಟಿತು. ಒಬ್ಬ ಹೆಂಗಸು ತನ್ನ ತವರು ಹೋಯಿತು ಅಂತ ಎದುರಿಗೆ ಕೂತು ಹೇಳಿದ್ದು ನನ್ನ ಕಿವಿಯ ಪಕ್ಕದಿಂದ ಹಾದುಹೋಗಿತ್ತು. ತಾಮ್ರದ ಹಂಡೆ ಅವಳ ತವರಿನವರು ಮದುವೆಯಲ್ಲಿ ಕೊಟ್ಟದ್ದು ಅನ್ನುವುದು ಆಗ ಹೊಳೆಯಿತು. ಅಲ್ಲಿಂದ ಅವಳಿಗೆ ಉಳಿದದ್ದು ಅದೊಂದೇ. ನಾನು ಅಳತೊಡಗಿದೆ. ಅಳುತ್ತಲೇ ತಪ್ಪಾಯಿತು ಅನ್ನುವ ಸೌಕರ್ಯ ಒಂದನೇ ಆವೃತ್ತಿಯಲ್ಲಿರಲಿಲ್ಲ. ಮೊದಲು ಪೂರ್ತಿ ಅತ್ತು ಮುಗಿಸಿದೆ. ಅವಳು ಕಾದಳು. ಆಮೇಲೆ ಮೂಗೊರೆಸಿಕೊಂಡು, ತಪ್ಪಾಯಿತಕ್ಕ, ಇನ್ನೊಂದು ಸಲ ಹೇಳು ಅಂದೆ. ಅವಳು ಮೊದಲಿನಿಂದ ಹೇಳಿದಳು. ಆ ಮನೆಯ ಹಿತ್ತಲಿನ ನುಗ್ಗೆಮರ, ಅಟ್ಟದ ಏಣಿಯ ಮುರಿದ ಮೂರನೇ ಮೆಟ್ಟಿಲು, ಬೀಗ ಹಾಕಿದ್ದ ಬಾಗಿಲಿನ ಮುಂದೆ ತಾನು ಸಂಜೆಯ ಬಸ್ಸು ಬರುವವರೆಗೆ ಕೂತದ್ದು. ಮಧ್ಯಾಹ್ನದವರೆಗೆ ಕೇಳಿದೆ. ಅವತ್ತು ಎರಡೂ ಮನೆಯಲ್ಲಿ ಪಲ್ಯ ಆಗಲಿಲ್ಲ.

ಆಮೇಲಿನ ಎರಡು ವರ್ಷ ನನ್ನ ಬಾಳಿನ ಒಳ್ಳೆಯ ವರ್ಷಗಳು. ಗೋಡೆ ಕೆಡವಿಬಿಡೋಣ ಅಂತ ಭಾವನವರು ಒಂದೆರಡು ಸಲ ಅಂದರು. ನಾವಿಬ್ಬರೂ ಒಪ್ಪಲಿಲ್ಲ. ಕಿಂಡಿ ಚೆನ್ನಾಗಿತ್ತು.

ಎರಡನೇ ಆವೃತ್ತಿಯ ಸುದ್ದಿ ಒಂದು ಬೆಳಿಗ್ಗೆ ಎಲ್ಲ ಫೋನುಗಳಲ್ಲೂ ಒಟ್ಟಿಗೆ ಬಂತು. ಇನ್ನು ಎಷ್ಟು ಬೇಕಾದರೂ ಒಟ್ಟಿಗೆ ತೆರೆಯಬಹುದು, ಬರೆದದ್ದನ್ನು ಎತ್ತಿ ಇಡಬಹುದು, ಹವೆಯ ಚಿತ್ರದಲ್ಲಿ ನಿಜವಾದ ಹವೆ ಕಾಣುತ್ತದೆ. ಕೆಳಗೆ ಎರಡು ಗುಂಡಿ, 'ಈಗ' ಮತ್ತು 'ಆಮೇಲೆ'. 'ಆಮೇಲೆ' ಒತ್ತಿದರೆ ಮರುದಿನ ಮತ್ತೆ ಕೇಳುತ್ತಿತ್ತು, 'ಈಗ' ಒತ್ತಿದರೆ ಹಿಂದಕ್ಕೆ ದಾರಿಯಿಲ್ಲ. ಯಾವ ಮನೆಯಲ್ಲಿ ಒತ್ತಿದರೋ ಆ ಮನೆಯವರಿಗೆ ಎರಡೆರಡು ಕೆಲಸ ಮರಳಿ ಬಂದವು. ಮೊದಲನೇ ವಾರದಲ್ಲೇ ಮೋನಪ್ಪನ ಬಾಯಿ ಮತ್ತು ಕತ್ತರಿ ಕೂಡಿ ನಡೆದವು. ಗೌಸ್‌ಸಾಬರು ಎರಡು ದಿನ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದು, ಮೂರನೇ ದಿನ ಕೊಡೆ ತೆಗೆದುಕೊಂಡು ಮನೆಗೆ ಹೋದರು. ಅವರನ್ನು ಯಾರೂ ಹೋಗು ಅಂದಿರಲಿಲ್ಲ. ಇರು ಅಂತಲೂ ಅನ್ನಲಿಲ್ಲ.

ಗೌಸ್‌ಸಾಬರು ಕೊಡೆ ಊರಿಕೊಂಡು ನಮ್ಮ ಬಾಗಿಲ ಮುಂದೆ ಹಾದುಹೋದದ್ದನ್ನು ನೋಡಿ ನನಗೆ ನಮ್ಮ ಕಿಂಡಿಯ ಚಿಂತೆ ಹತ್ತಿತು. ಅಕ್ಕನ ಮನೆಯಲ್ಲಿ ಒತ್ತಿದರೆ ಅವಳಿಗೆ ನನ್ನ ಕೈ ಯಾಕೆ ಬೇಕು? ಅವಳೇ ಬಡಿದು ಅವಳೇ ಬೇಯಿಸಿಕೊಳ್ಳುತ್ತಾಳೆ. ನಾಲ್ಕು ಇಟ್ಟಿಗೆಗೆ ಎಷ್ಟು ಹೊತ್ತು ಬೇಕು, ಒಂದು ಬುಟ್ಟಿ ಮಣ್ಣಿದ್ದರೆ ಸಾಕು. ನಾನು ಪ್ರತಿದಿನ ಎಲ್ಲರಿಗಿಂತ ಮೊದಲೆದ್ದು 'ಆಮೇಲೆ' ಒತ್ತುತ್ತಿದ್ದೆ. ಒಂಬತ್ತನೇ ದಿನ ಏಳುವುದು ತಡವಾಯಿತು. ನಮ್ಮ ಮನೆಯವರು ಆಗಲೇ 'ಈಗ' ಒತ್ತಿ, ಪೇಪರು ಓದುತ್ತಲೇ ಚಹಾ ಕುಡಿಯುತ್ತಿದ್ದರು. ಎರಡು ವರ್ಷ ತಣ್ಣನೆಯ ಚಹಾ ಕುಡಿದ ಗಂಡಸಿನ ಮೇಲೆ ಸಿಟ್ಟು ಮಾಡಿ ಏನುಪಯೋಗ? ಆದರೂ ಮಾಡಿದೆ. ಹಾಗೆ ಬೈಯುತ್ತ ಬೈಯುತ್ತ ನನ್ನ ಕೈಗಳು ಒಂದು ಪಾತ್ರೆ ತೊಳೆದು ಮುಗಿಸಿದ್ದವು. ಎರಡನೆಯದು ನನಗೂ ಬಂದಿತ್ತು.

ಅಕ್ಕನಿಗೆ ಹೇಳಲಿಲ್ಲ. ಕಿಂಡಿಯ ಮುಂದೆ ನಾನು ಒಂದನೇ ಆವೃತ್ತಿಯವಳಾಗಿಯೇ ಕೂತೆ. ಅವಳು ನಡುವೆ ಏನಾದರೂ ಕೇಳಿದರೆ ಮೊದಲಿನಂತೆ ಬಡಿಯುವುದನ್ನು ನಿಲ್ಲಿಸಿಯೇ ಉತ್ತರ ಕೊಡುತ್ತಿದ್ದೆ. ಕಳ್ಳಿಗೆ ಬರುವಂಥ ಎಚ್ಚರ ನನಗೆ ಬಂತು. ಒಂದು ವಾರ ಕಳೆಯಿತು. ಒಂದು ಬೆಳಿಗ್ಗೆ ರೊಟ್ಟಿ ಕೊಟ್ಟೆ, ಕೈ ಒಳಗೆ ಹೋಯಿತು, ಹಂಚು ಚುಂಯ್ ಅಂದಿತು, ಅದರ ಜೊತೆಗೇ ಒಂದು ಬೀಸುವ ಪದದ ಗುನುಗು ಕೇಳಿತು. ಮಗುಚುವ ಸದ್ದು, ಗುನುಗು, ಎರಡೂ ಒಟ್ಟಿಗೆ. ಎರಡು ಸಾಲು ಬಂದದ್ದೇ ತಡ, ಗುನುಗು ತಟ್ಟನೆ ನಿಂತಿತು. ಆಚೆಯಲ್ಲಿ ಅವಳು ನಾಲಿಗೆ ಕಚ್ಚಿಕೊಂಡದ್ದು ನನಗೆ ಗೋಡೆಯ ಈಚೆಯಿಂದಲೇ ಕಂಡಂತಾಯಿತು. ನಾನು ಕೇಳಿಸದವಳಂತೆ ಇದ್ದೆ. ಕಿಂಡಿಯಲ್ಲಿ ಕೈ ಮತ್ತೆ ಬಂತು, ಅಂಗೈ ಮೇಲಕ್ಕೆ. ಅವಳಿಗೂ ಎರಡನೆಯದು ಬಂದಿತ್ತು, ಅವಳೂ ನನ್ನಿಂದ ಮುಚ್ಚಿಟ್ಟಿದ್ದಳು.

ಈ ನಾಟಕ ಆರು ವರ್ಷ ನಡೆಯಿತು. ಮೂರನೇ ಆವೃತ್ತಿ ಬಂತು, ನಾಲ್ಕು ಬಂತು, ಐದಕ್ಕೆ ಹಳೆಯ ಫೋನು ಉಬ್ಬಿ ಸತ್ತಿತು. ಹೊಸದರಲ್ಲಿ ಸರಿಸುವ ಬಾಣವಿಲ್ಲ, ಮುಖ ತೋರಿಸಿದರೆ ಸಾಕು. ಊರು ಹಳೆಯ ಚಾಳಿಗೆ ಬಂದು ಇನ್ನೂ ಮುಂದಕ್ಕೆ ಹೋಯಿತು. ಸಾವಿನ ಮನೆಯಲ್ಲೂ ಒಂದು ಕಣ್ಣು ಹೆಣದ ಮೇಲೆ, ಇನ್ನೊಂದು ಕಣ್ಣು ಗಾಜಿನ ಮೇಲೆ. ಯಾರಿಗೆ ಏನು ಹೇಳಿದರೂ ಹೂಂ ಅನ್ನುತ್ತಾರೆ. ನಾನೂ ಅನ್ನುತ್ತೇನೆ, ಸುಳ್ಳೇಕೆ ಹೇಳಲಿ. ಆದರೆ ಬೆಳಿಗ್ಗೆ ಕಿಂಡಿಯ ಮುಂದೆ ಮಾತ್ರ ನಾವಿಬ್ಬರೂ ಒಂದು ಸಲಕ್ಕೆ ಒಂದೇ ಮಾಡುತ್ತಿದ್ದೆವು. ಇದು ನೆವ, ನೆವ ಹೋದರೆ ಇದೂ ಹೋಗುತ್ತದೆ ಅನ್ನುವ ಅಳುಕು ನನ್ನಲ್ಲಿ ಇದ್ದೇ ಇತ್ತು.

ನೆವ ಹೋದದ್ದು ನನ್ನಿಂದಲೇ. ಹೋದ ವರ್ಷ ಬಲ ಮಣಿಕಟ್ಟು ನೋಯತೊಡಗಿತು. ಅರಿಶಿನ ಕಟ್ಟಿದೆ, ಎಣ್ಣೆ ತಿಕ್ಕಿದೆ, ಯಾರಿಗೂ ಹೇಳಲಿಲ್ಲ. ಡಾಕ್ಟರು ಫೋಟೋ ತೆಗೆಸಿ ನೋಡಿ, ಸವೆದುಹೋಗಿದೆ, ಇನ್ನು ರೊಟ್ಟಿ ಬಡಿಯುವುದನ್ನು ಮರೆತುಬಿಡಿ ಅಂದರು. ಮರುದಿನವೂ ಹೋಗಿ ಒಲೆಯ ಮುಂದೆ ಕೂತೆ. ಆರು ರೊಟ್ಟಿಯವರೆಗೆ ಹೇಗೋ ಆಯಿತು. ಏಳನೆಯದನ್ನು ಬಡಿಯುವಾಗ ಕೈ ಸಿಡಿದು ರೊಟ್ಟಿ ಹರಿಯಿತು. ಆರನೆಯದು ಆಗಲೇ ಅವಳ ಹಂಚಿನ ಮೇಲಿತ್ತು. ಕಿಂಡಿಯಲ್ಲಿ ಅವಳ ಕೈ ಕಾಯುತ್ತಿತ್ತು. ಅದರ ಮೇಲಿಡಲು ನನ್ನ ಬಳಿ ಏನೂ ಇರಲಿಲ್ಲ.

"ಅಕ್ಕ, ನನ್ನ ಮಣಿಕಟ್ಟು ಹೋತು," ಅಂದೆ. "ಇನ್ನ ರೊಟ್ಟಿ ಬಡಿಯಾಕ ಆಗಂಗಿಲ್ಲಂತ."

ಹೇಳಿ ಕಾದೆ. ಇಷ್ಟು ವರ್ಷ ನಾನು ಹೆದರಿದ್ದು ಒಂದೇ ಒಂದು ಸಣ್ಣ ಸದ್ದಿಗೆ, ಆಚೆಯಿಂದ ಬರಬಹುದಾದ ಹೂಂ ಅನ್ನುವುದಕ್ಕೆ. ಅದು ಬಂದರೆ ಅವಳದೇನೂ ತಪ್ಪಿಲ್ಲ. ನಾನು ಅವಳಿಗೆ ಮಾಡಿದ್ದೇ ನನಗೆ ಬರುತ್ತಿತ್ತು. ಆರನೇ ರೊಟ್ಟಿಯನ್ನು ಮಗುಚುವ ಹೊತ್ತಾಗಿತ್ತು, ವಾಸನೆಯಿಂದಲೇ ನನಗದು ಗೊತ್ತು. ಮಗುಚುತ್ತ ಮಗುಚುತ್ತ ಕೇಳಿಸಿಕೊಳ್ಳುವುದು ಅವಳಿಗೆ ಬರುತ್ತಿತ್ತು, ಅದೂ ನನಗೆ ಗೊತ್ತು. ಮಗುಚುವ ಸದ್ದು ಬರಲಿಲ್ಲ. ಕಿಂಡಿಯಲ್ಲಿದ್ದ ಕೈ ಹಿಂದಕ್ಕೆ ಹೋಗಲಿಲ್ಲ. ಮುಂದಕ್ಕೆ ಚಾಚಿ, ತಡವರಿಸಿ, ನನ್ನ ಬಲಗೈಯನ್ನು ಹುಡುಕಿ ಮಣಿಕಟ್ಟಿನ ಮೇಲೆ ಮೆತ್ತಗೆ ಕೂತಿತು.

"ಯಾವಾಗಿಂದ?" ಅಂದಳು.

ಹೇಳಿದೆ. ಯುಗಾದಿಯಿಂದ ನೋಯುತ್ತಿದ್ದದ್ದು, ಸೀರೆಯ ನೆರಿಗೆ ಹಿಡಿಯಲಾಗದೆ ನಿಂತದ್ದು, ಡಾಕ್ಟರ ಮೇಜಿನ ಮೇಲಿದ್ದ ನನ್ನ ಎಲುಬಿನ ಚಿತ್ರ. ಇನ್ನು ಬೆಳಗಾದರೆ ಎಲ್ಲಿ ಕೂರಲಿ ಅನ್ನುವ ಭಯವನ್ನೂ ಹೇಳಿದೆ. ಸುಟ್ಟ ವಾಸನೆ ಬಂತು, ಆಮೇಲೆ ಕಿಂಡಿಯಲ್ಲಿ ಹೊಗೆ ಬಂತು. ಒಂದನೇ ಆವೃತ್ತಿಯ ಮೊದಲ ತಿಂಗಳಿನ ಹೊಗೆಯಂಥದೇ. ಇಬ್ಬರ ಕಣ್ಣಲ್ಲೂ ನೀರಾಡಿತು, ಹೊಗೆಗೆ ಸ್ವಲ್ಪ, ಉಳಿದದ್ದಕ್ಕೆ ಹೆಚ್ಚು. ಅವಳು ಕೈ ತೆಗೆಯಲಿಲ್ಲ. ನಾನು ಹೇಳುವುದೆಲ್ಲ ಮುಗಿಯುವಷ್ಟರಲ್ಲಿ ರೊಟ್ಟಿ ಇದ್ದಿಲಾಗಿತ್ತು.

ಆಮೇಲೆ ಅವಳು ಹಂಚು ಇಳಿಸಿದ ಸದ್ದು ಕೇಳಿತು, ಇದ್ದಿಲನ್ನು ಕೆರೆದು ತೆಗೆದ ಸದ್ದು ಕೇಳಿತು. ಹಂಚು ಹೊತ್ತ ಒಂದು ಇಕ್ಕಳ ಕಿಂಡಿಯಿಂದ ನನ್ನ ಕಡೆಗೆ ಬಂತು. ಅದರ ಹಿಂದೆಯೇ ಅವಳ ದನಿ.

"ಹಿಟ್ಟಿನ ಡಬ್ಬಿ ಇತ್ತ ಸರಸು, ಕಸ್ತೂರಿ. ಇನ್ನ ನಾ ಬಡೀತೀನಿ, ನೀ ಬೇಯಸು."

ನಾನು ಎಡಗೈಯಲ್ಲಿ ಡಬ್ಬಿ ಸರಿಸಿದೆ.